ಎಷ್ಟು ಅನ್ನುವ ಮೊದಲು ಯಾರು

(ಬೆಂಗಳೂರಿನ ಇಟ್ಟಮಡುವಿನಲ್ಲಿ ನೀಡಿದ ದತ್ತಿ ಉಪನ್ಯಾಸದ ಬರಹರೂಪ)



ಕಾಡುಪ್ರಾಣಿಗಳ ಮಾತೆಂದರೆ ಬಂಡೀಪುರದ ಹುಲಿಯಿಂದಲೇ ಶುರುವಾಗಬೇಕು ಅನ್ನುವುದು ವಾಡಿಕೆ. ನಾನು ನಿಮ್ಮ ಮನೆಯ ನಲ್ಲಿಯಿಂದ ಶುರು ಮಾಡುತ್ತೇನೆ. ಆ ನಲ್ಲಿಯಲ್ಲಿ ಬರುವ ಕಾವೇರಿ ನೀರು ಮಳವಳ್ಳಿ ತಾಲ್ಲೂಕಿನ ತೊರೆಕಾಡನಹಳ್ಳಿಯಿಂದ ಹೊರಟು, ಹಾರೋಹಳ್ಳಿ, ತಾತಗುಣಿಯ ಪಂಪ್‌ಹೌಸ್‌ಗಳನ್ನು ದಾಟಿ, ಸುಮಾರು 100 ಕಿಲೋಮೀಟರ್ ಏರಿಕೊಂಡು ಬಂದದ್ದು. ಪಾತ್ರೆ ತೊಳೆದು, ಸ್ನಾನ ಮಾಡಿ ನಾವು ಬಿಟ್ಟ ನೀರಿಗೂ ದಾರಿಯಿದೆ. ಈ ಕಡೆಯ ರಾಜಕಾಲುವೆಗಳು ವೃಷಭಾವತಿಗೆ ಸೇರುತ್ತವೆ. ವೃಷಭಾವತಿ ಬೈರಮಂಗಲ ಕೆರೆಯನ್ನು ಹಾದು ಅರ್ಕಾವತಿಗೆ ಸೇರುತ್ತದೆ. ಅರ್ಕಾವತಿ ಕನಕಪುರದ ಆಚೆ ಸಂಗಮದಲ್ಲಿ ಕಾವೇರಿಗೇ ಸೇರುತ್ತದೆ. ಪಡೆದ ನದಿಗೇ ವಾಪಸ್ಸು ಕೊಡುತ್ತೇವೆ. ಏನನ್ನು ಕೊಡುತ್ತೇವೆ ಅನ್ನುವುದನ್ನು ನಾಯಂಡಹಳ್ಳಿ ಸೇತುವೆಯ ಮೇಲೆ ಮೂಗು ಮುಚ್ಚಿಕೊಂಡು ಹೋದವರಿಗೆ ಹೇಳಬೇಕಾಗಿಲ್ಲ.

ಶಿವನಸಮುದ್ರದ ಕೆಳಗೆ, ಮುತ್ತತ್ತಿ, ಭೀಮೇಶ್ವರಿ, ಗಾಲಿಬೋರೆ, ಸಂಗಮ, ಮೇಕೆದಾಟು ಎಂದು ಬಂಡೆಗಳ ನಡುವೆ ನುಗ್ಗುವ ಆ ನೀರಿನಲ್ಲಿ ಒಂದು ಮೀನಿದೆ. ಬೆನ್ನು ಡುಬ್ಬ, ರೆಕ್ಕೆ ಕಿತ್ತಳೆ ಬಣ್ಣ. ನದಿಯ ಪಕ್ಕದವರು ಬಿಳಿಮೀನು ಅನ್ನುತ್ತಾರೆ, ಗಾಳ ಹಾಕುವ ಪಟ್ಟಣದವರು ಮಹಶೀರ್ ಅನ್ನುತ್ತಾರೆ. ಜಗತ್ತಿನ ಮಹಶೀರ್‌ಗಳಲ್ಲೇ ಅತಿ ದೊಡ್ಡದಾಗಿ ಬೆಳೆಯುವುದು ಇದು. 1946ರಲ್ಲಿ ಮೈಸೂರಿನ ವ್ಯಾನ್ ಇಂಗೆನ್ ಸಹೋದರರಲ್ಲಿ ಒಬ್ಬರು ಕಬಿನಿಯಲ್ಲಿ ಹಿಡಿದದ್ದು 120 ಪೌಂಡ್ ತೂಗಿತು, ಅಂದರೆ ಸುಮಾರು 54 ಕಿಲೋ. ಮಹಾರಾಜರ ಬೇಟೆಯ ಹುಲಿಗಳ ಚರ್ಮಕ್ಕೆ ಹೊಟ್ಟೆ ತುಂಬಿಸಿ ನಿಲ್ಲಿಸಿ ಹೆಸರಾದ ಮನೆತನ ಅದು.  

ಇಷ್ಟು ಪ್ರಸಿದ್ಧವಾದ ಮೀನಿಗೆ ವಿಜ್ಞಾನದ ದಾಖಲೆಯಲ್ಲಿ 2018ರವರೆಗೆ ಒಪ್ಪಿತವಾದ ಹೆಸರೇ ಇರಲಿಲ್ಲ. ಒಬ್ಬೊಬ್ಬರು ಒಂದೊಂದು ಹೆಸರಿನಲ್ಲಿ ಬರೆದರು. ಪ್ರಭೇದದ ಹೆಸರು ನಿಶ್ಚಯವಾಗದ ಪ್ರಾಣಿಯನ್ನು ಅಳಿವಿನಂಚಿನ ಕೆಂಪು ಪಟ್ಟಿಗೆ ಸೇರಿಸಲಾಗುವುದಿಲ್ಲ. ಪಟ್ಟಿಯಲ್ಲಿಲ್ಲದ್ದಕ್ಕೆ ಯೋಜನೆಯಿಲ್ಲ, ಹಣವೂ ಇಲ್ಲ.

ಈ ನಡುವೆ ಮಹಶೀರ್ ಕಡಿಮೆಯಾಗುತ್ತಿದೆ ಎಂಬ ಕಳವಳ ಹುಟ್ಟಿತು. ಡೈನಮೈಟ್ ಹಾಕಿ ಮೀನು ಹಿಡಿಯುವವರಿದ್ದರು, ಮೇಲೆ ಅಣೆಕಟ್ಟುಗಳಿದ್ದವು, ಕೆಳಗೆ ಮೆಟ್ಟೂರಿತ್ತು. ಮಹಾರಾಷ್ಟ್ರದ ಲೋನಾವಳಾದಲ್ಲಿ ಟಾಟಾ ವಿದ್ಯುತ್ ಕಂಪನಿಯವರು ಮಹಶೀರ್ ಮರಿ ಮಾಡಿಸುವುದರಲ್ಲಿ ಪಳಗಿದ್ದರು. ಅಲ್ಲಿನ ಮರಿಗಳನ್ನು ತಂದು ಕಾವೇರಿಗೆ ಬಿಡಲಾಯಿತು. ಉದ್ದೇಶ ಒಳ್ಳೆಯದೇ. ಆದರೆ ಅವು ನೀಲಿ ರೆಕ್ಕೆಯ ಮಹಶೀರ್‌ಗಳು. ಸೈಕ್ಸ್ ಎಂಬ ಇಂಗ್ಲಿಷ್ ಅಧಿಕಾರಿ 1839ರಲ್ಲಿ ಪುಣೆಯ ಮುಳಾ-ಮುಠಾ ನದಿಯಿಂದ ವರ್ಣಿಸಿದ ಜಾತಿ, ಕೃಷ್ಣಾ ಕಣಿವೆಯದು.

ಗಾಲಿಬೋರೆಯ ಕ್ಯಾಂಪಿನಲ್ಲಿ ಗಾಳಗಾರರು ಹಿಡಿದು ಬಿಟ್ಟ ಮೀನುಗಳ ಲೆಕ್ಕ ಬರೆದಿಡುತ್ತಿದ್ದರು. 1998ರಿಂದ 2012ರವರೆಗಿನ ಆ ಪುಸ್ತಕಗಳನ್ನು ಮೀನು ಸಂಶೋಧಕರಾದ ಏಡ್ರಿಯನ್ ಪಿಂಡರ್, ರಾಜೀವ್ ರಾಘವನ್ ಮತ್ತು ಸಂಗಡಿಗರು ತೆರೆದು ನೋಡಿ 2015ರಲ್ಲಿ ಪ್ರಕಟಿಸಿದರು. ಗಾಳಕ್ಕೆ ಸಿಗುವ ಮಹಶೀರ್‌ಗಳ ಸಂಖ್ಯೆ ವರ್ಷದಿಂದ ವರ್ಷಕ್ಕೆ ಏರಿತ್ತು. ಸಂರಕ್ಷಣೆ ಗೆದ್ದಿದೆ ಅನ್ನಬಹುದಾದ ಅಂಕಿಅಂಶ! ಬಿಡಿಸಿ ನೋಡಿದರೆ ಏರಿದ್ದು ನೀಲಿ ರೆಕ್ಕೆಯದು; ಕಿತ್ತಳೆ ರೆಕ್ಕೆಯ ಡುಬ್ಬದ ಮೀನು ಹೆಚ್ಚುಕಡಿಮೆ ಕಾಣೆಯಾಗಿತ್ತು. ಮರಿಗಳಂತೂ ಸಿಗುತ್ತಲೇ ಇರಲಿಲ್ಲ.

2018ರಲ್ಲಿ ಇದೇ ತಂಡ ಕಾವೇರಿಯ ಉಪನದಿ ವ್ಯವಸ್ಥೆಗೆ ಸೇರಿದ ಮೋಯಾರ್ ಹೊಳೆಯ ಮೀನುಗಳ ಮೈಲಕ್ಷಣವನ್ನೂ ಡಿಎನ್‌ಎಯನ್ನೂ ಜೊತೆಗಿಟ್ಟು ನೋಡಿತು. ಕೇರಳದ ಪಾಂಬಾರ್ ಹೊಳೆಯಿಂದ 2007ರಲ್ಲಿ ಸಣ್ಣ ಮೀನುಗಳನ್ನಷ್ಟೇ ನೋಡಿ ವರ್ಣಿಸಿದ್ದ ಟಾರ್ ರೇಮಾದೇವಿಯೈ ಎಂಬ ಜಾತಿಯೊಂದಿತ್ತು. ಮತ್ಸ್ಯವಿಜ್ಞಾನಿ ಕೆ. ರೇಮಾದೇವಿಯವರ ಗೌರವಾರ್ಥ ಇಟ್ಟ ಹೆಸರು. ಪಾಂಬಾರ್ ಕೂಡ ಅಮರಾವತಿಯ ಮೂಲಕ ಕಾವೇರಿಗೇ ಸೇರುತ್ತದೆ. ನಮ್ಮ ದೈತ್ಯ ಬಿಳಿಮೀನು ಅದೇ ಜಾತಿ, ನೀಲಿ ರೆಕ್ಕೆಯದು ಬೇರೆಯೇ ಎಂದು ತೀರ್ಮಾನವಾಯಿತು. ಅದೇ ವರ್ಷ ಅದು ತೀವ್ರ ಅಪಾಯದಲ್ಲಿರುವ ಜೀವಿಗಳ ಪಟ್ಟಿಗೆ ಸೇರಿತು. ಹೆಸರೂ ಅಪಾಯದ ಮುದ್ರೆಯೂ ಒಟ್ಟಿಗೇ ಬಂದವು.

ಈ ಸಂಜೆ ನಾನು ಹೇಳಬೇಕೆಂದಿರುವುದು ಇಷ್ಟೇ. ನಮ್ಮಲ್ಲಿ ವನ್ಯಜೀವಿಯ ಸುದ್ದಿಯೆಂದರೆ ಸಂಖ್ಯೆ. ಹುಲಿ ಎಷ್ಟು, ಆನೆ ಎಷ್ಟು, ನಾವು ಮೊದಲನೆಯವರೋ ಎರಡನೆಯವರೋ. 2022ರ ಗಣತಿಯಲ್ಲಿ ಮಧ್ಯಪ್ರದೇಶ 785, ಕರ್ನಾಟಕ 563 ಎಂದಾಗ ಕ್ರಿಕೆಟ್ ಸ್ಕೋರಿನಂತೆ ಚರ್ಚೆಯಾಯಿತು. ತಳಿವಿಜ್ಞಾನ ಕೇಳುವುದು ಬೇರೆ ಪ್ರಶ್ನೆ: ಇವರು ಯಾರು, ಯಾರ ಮಕ್ಕಳು, ಪಕ್ಕದ ಕಾಡಿನವರೊಂದಿಗೆ ಕೊಡುಕೊಳ್ಳುವಿಕೆ ಇದೆಯೇ? ಇದಕ್ಕೆ ಉತ್ತರವಿಲ್ಲದೆ ಮಾಡಿದ ಎಣಿಕೆ ಗಾಲಿಬೋರೆಯ ಲೆಕ್ಕದ ಹಾಗೆ ಸಂತೋಷ ಕೊಡುತ್ತಲೇ ದಾರಿ ತಪ್ಪಿಸಬಹುದು.

ಇನ್ನು ಹುಲಿಗೆ ಬರೋಣ. ಕಾಡಿನ ಹುಲಿಯ ರಕ್ತ ತೆಗೆಯುವುದು ಆಗದ ಮಾತು. ಅದು ದಾರಿಯಲ್ಲಿ ಬಿಟ್ಟುಹೋದ ಹಿಕ್ಕೆ ಸಾಕು. ಹುಲಿ, ಚಿರತೆ ಎರಡೂ ಕಾಡಿನ ಜಾಡುಗಳಲ್ಲಿ, ಎದ್ದು ಕಾಣುವ ಕಡೆ ಹಿಕ್ಕೆ ಹಾಕುತ್ತವೆ. ಅದು ಗಡಿ ಗುರುತಿಸುವ ಕ್ರಮ. ಹಿಕ್ಕೆಯ ಒಳಗಿರುವುದು ತಿಂದ ಜಿಂಕೆಯ ಕೂದಲು, ಮೂಳೆಚೂರು. ಹುಲಿಯದೇ ಜೀವಕೋಶಗಳು ಇರುವುದು ಹೊರಮೈಯ ತೆಳು ಪದರದಲ್ಲಿ. ಕರುಳಿನಿಂದ ಜಾರಿ ಬರುವಾಗ ಒಳಗೋಡೆಯಿಂದ ಕೆರೆದುಕೊಂಡು ಬಂದವು. ಹಾಗಾಗಿ ಸಂಗ್ರಹಿಸುವವರು ಇಡೀ ಹಿಕ್ಕೆಯನ್ನು ಕದಡುವುದಿಲ್ಲ, ಮೇಲ್ಮೈಯನ್ನಷ್ಟೇ ಒರೆಸಿ ಅಥವಾ ಕೆರೆದು ಆಲ್ಕೋಹಾಲ್ ಇರುವ ಪುಟ್ಟ ಶೀಶೆಗೆ ಹಾಕುತ್ತಾರೆ. ಬಿಸಿಲು ಬಿದ್ದರೆ ಡಿಎನ್‌ಎ ಮುರಿಯುತ್ತದೆ, ಮಳೆ ಬಂದರೆ ತೊಳೆದುಹೋಗುತ್ತದೆ, ಸಗಣಿಹುಳುಗಳಿಗಂತೂ ಕಾಯುವ ತಾಳ್ಮೆಯಿಲ್ಲ.

ಪ್ರಯೋಗಾಲಯದಲ್ಲಿ ಮೊದಲ ಪ್ರಶ್ನೆ: ಇದು ಹುಲಿಯದೋ ಚಿರತೆಯದೋ? ಅನುಭವಿ ವಾಚರ್ ಕೂಡ ಕಣ್ಣಳತೆಯಲ್ಲಿ ಕೆಲವೊಮ್ಮೆ ಹೇಳಲಾರ. ಆಮೇಲೆ, ಗಂಡೋ ಹೆಣ್ಣೋ? ಕೊನೆಗೆ, ಯಾವ ಹುಲಿ? ಜೀನೋಮಿನಲ್ಲಿ ಎರಡು ಮೂರು ಅಕ್ಷರಗಳ ತುಣುಕು ಸಾಲಾಗಿ ಮರುಕಳಿಸುವ ಜಾಗಗಳಿವೆ. ಎಷ್ಟು ಸಲ ಮರುಕಳಿಸುತ್ತದೆ ಅನ್ನುವುದು ಹುಲಿಯಿಂದ ಹುಲಿಗೆ ಬದಲಾಗುತ್ತದೆ. ಅಂಥ ಹಲವು ಜಾಗಗಳನ್ನು ಒಟ್ಟಿಗೆ ಓದಿದರೆ ಒಂದೊಂದು ಹುಲಿಗೂ ಒಂದೊಂದು ಗುರುತು ಸಿಗುತ್ತದೆ. ಹಳಸಿದ ಮಾದರಿಯಲ್ಲಿ ಕೆಲವು ತುಣುಕುಗಳು ಕಣ್ತಪ್ಪಿ, ಒಂದೇ ಹುಲಿ ಎರಡಾಗಿ ಕಾಣುವ ಅಪಾಯವಿದೆ. ಅದಕ್ಕೆ ಒಂದೇ ಮಾದರಿಯನ್ನು ಮತ್ತೆ ಮತ್ತೆ ಓದುತ್ತಾರೆ.

ಈ ವಿಧಾನ ನಂಬಬಹುದಾದ್ದೇ ಎಂದು ಒರೆಗೆ ಹಚ್ಚಿದ್ದು ನಮ್ಮ ಬಂಡೀಪುರದಲ್ಲೇ. ಹೆಬ್ಬಾಳದ ಆಚೆ, ಜಿಕೆವಿಕೆ ಆವರಣದಲ್ಲಿರುವ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಉಮಾ ರಾಮಕೃಷ್ಣನ್, ಅವರ ವಿದ್ಯಾರ್ಥಿ ಸಾಮ್ರಾಟ್ ಮಂಡಲ್, ಹುಲಿತಜ್ಞ ಉಲ್ಲಾಸ ಕಾರಂತರ ತಂಡದೊಂದಿಗೆ ಸೇರಿ 2009ರಲ್ಲಿ ಪ್ರಕಟಿಸಿದ ಕೆಲಸ. ಹುಲಿಯದೆಂದು ಖಚಿತವಾದ 58 ಹಿಕ್ಕೆಗಳಿಂದ 26 ಹುಲಿಗಳನ್ನು ಬೇರೆ ಬೇರೆಯಾಗಿ ಗುರುತಿಸಿದರು. ಅದರಿಂದ ಲೆಕ್ಕ ಹಾಕಿದ ಒಟ್ಟು ಅಂದಾಜು 66. ಅದೇ ಕಾಡಿನಲ್ಲಿ ಕ್ಯಾಮೆರಾ ಟ್ರ್ಯಾಪ್ ಇಟ್ಟು ಪಟ್ಟೆ ನೋಡಿ ಮಾಡಿದ ಅಂದಾಜೂ 66. ಹೆಜ್ಜೆ ಗುರುತಿಗೆ ಗಾಜು ಇಟ್ಟು ನಕಲು ತೆಗೆದು ಎಣಿಸುತ್ತಿದ್ದ ದಿನಗಳನ್ನು, 2005ರ ಹೊತ್ತಿಗೆ ರಾಜಸ್ಥಾನದ ಸರಿಸ್ಕಾದಲ್ಲಿ ಕಾಗದದ ಮೇಲೆ ಹುಲಿಗಳಿದ್ದು ಕಾಡಿನಲ್ಲಿ ಒಂದೂ ಇಲ್ಲದೆ ಹೋದದ್ದನ್ನು ನೆನೆದರೆ, ಎರಡು ಸ್ವತಂತ್ರ ದಾರಿಗಳು ಒಂದೇ ಉತ್ತರಕ್ಕೆ ಬಂದದ್ದರ ಬೆಲೆ ತಿಳಿಯುತ್ತದೆ.

ಪಟ್ಟೆಯಿದ್ದರೆ ಕ್ಯಾಮೆರಾ ಸಾಕಲ್ಲ, ಹಿಕ್ಕೆಯ ಗೋಜೇಕೆ ಎಂದು ಕೇಳಬಹುದು. ಪಟ್ಟೆಯೂ ಇಲ್ಲದ, ಚುಕ್ಕಿಯೂ ಇಲ್ಲದ ಪ್ರಾಣಿಗೆ ಏನು ಮಾಡುತ್ತೀರಿ? ಕೃಪಾಕರ-ಸೇನಾನಿಯವರ ‘ಕೆನ್ನಾಯಿಯ ಜಾಡಿನಲ್ಲಿ’ ಓದಿದವರಿಗೆ ಆ ಸೀಳುನಾಯಿಗಳು ಗೊತ್ತು. ಫೋಟೋದಲ್ಲಿ ಒಂದರಂತೆ ಇನ್ನೊಂದು. ಬಂಡೀಪುರಕ್ಕೆ ಅಂಟಿಕೊಂಡಿರುವ ವಯನಾಡಿನಲ್ಲಿ ಅರ್ಜುನ್ ಶ್ರೀವತ್ಸ ಮತ್ತು ಜೊತೆಗಾರರು ಅವುಗಳ ಸಂಖ್ಯೆಯನ್ನು ಅಂದಾಜಿಸಿದ್ದು ಹಿಕ್ಕೆಯ ಡಿಎನ್‌ಎಯಿಂದಲೇ.

ಪಟ್ಟೆ ಹೇಳಲಾರದ ಇನ್ನೂ ಒಂದು ಸಂಗತಿಯಿದೆ. ಬಂಡೀಪುರದಲ್ಲಿ ಕ್ಯಾಮೆರಾಕ್ಕೆ ಸಿಕ್ಕಿದ್ದ ಒಂದು ಗಂಡು ಹುಲಿ 2011ರಲ್ಲಿ ಶಿಕಾರಿಪುರದ ಕಡೆ ಸೆರೆಸಿಕ್ಕಿತು, ಸುಮಾರು 280 ಕಿಲೋಮೀಟರ್ ದೂರದಲ್ಲಿ. ಪಟ್ಟೆ ಹೋಲಿಸಿದಾಗ ಅದೇ ಹುಲಿ. ಕಾಫಿ ತೋಟ, ಹೆದ್ದಾರಿ, ಊರುಗಳನ್ನು ದಾಟಿ ಹೋಗಿದ್ದಾನೆ. ದಾಟಿ ಹೋದವನು ಅಲ್ಲಿ ಸಂಸಾರ ಹೂಡುತ್ತಾನೋ, ದಾರಿಯಲ್ಲೇ ಮುಗಿಯುತ್ತಾನೋ? ಅದನ್ನು ಮುಂದಿನ ಪೀಳಿಗೆಯ ಡಿಎನ್‌ಎ ಮಾತ್ರ ಹೇಳಬಲ್ಲದು. ನಕ್ಷೆಯ ಮೇಲೆ ಹಸಿರು ಗೆರೆ ಎಳೆದು ಇದು ಕಾರಿಡಾರ್ ಅನ್ನುವುದು ಸುಲಭ. ಗೆರೆಯ ಎರಡು ತುದಿಯ ಹುಲಿಗಳು ನಂಟರಾಗಿದ್ದರೆ ಮಾತ್ರ ಅದು ನಿಜವಾದ ದಾರಿ.

ನಂಟಸ್ತಿಕೆ ಹೊರಗೆ ಬೆಳೆಯದೇ ಇದ್ದರೆ ಏನಾಗುತ್ತದೆ ಅನ್ನುವುದಕ್ಕೆ ಒಡಿಶಾದ ಸಿಮಿಲಿಪಾಲ್ ನೋಡಿ. ಅಲ್ಲಿನ ಕೆಲವು ಹುಲಿಗಳ ಪಟ್ಟೆಗಳು ಅಗಲವಾಗಿ, ಒಂದಕ್ಕೊಂದು ಕೂಡಿಕೊಂಡು, ಮೈ ಕಪ್ಪಾಗಿ ಕಾಣುತ್ತದೆ. ಟ್ಯಾಕ್‌ಪೆಪ್ ಎಂಬ ಒಂದೇ ಜೀನಿನಲ್ಲಾದ ಒಂದಕ್ಷರದ ಬದಲಾವಣೆ ಇದಕ್ಕೆ ಕಾರಣ ಎಂದು ವಿನಯ್ ಸಾಗರ್, ಉಮಾ ರಾಮಕೃಷ್ಣನ್ ಮತ್ತಿತರರು 2021ರಲ್ಲಿ ತೋರಿಸಿದರು. ಆಫ್ರಿಕದ ರಾಜಚೀತಾದ ಮಚ್ಚೆ ಕೂಡಿಕೊಳ್ಳುವುದಕ್ಕೂ, ನಮ್ಮ ಬೀದಿಬೆಕ್ಕುಗಳಲ್ಲಿ ಕೆಲವಕ್ಕೆ ಗೆರೆಯ ಬದಲು ಸುರುಳಿ ಬರುವುದಕ್ಕೂ ಇದೇ ಜೀನು ಕಾರಣ. ಅಪ್ಪ ಅಮ್ಮ ಇಬ್ಬರಿಂದಲೂ ಬದಲಾದ ಪ್ರತಿ ಬಂದರೆ ಮಾತ್ರ ಮೈ ಕಪ್ಪು. ಅವರು ಪರೀಕ್ಷಿಸಿದ ಬೇರೆ ಯಾವ ಕಾಡಿನಲ್ಲೂ ಅದು ಸಿಗಲಿಲ್ಲ. ಸಿಮಿಲಿಪಾಲಿನಲ್ಲಿ ಆ ಬದಲಾದ ಪ್ರತಿಯದೇ ಅರ್ಧಕ್ಕಿಂತ ಹೆಚ್ಚು ಪಾಲು. ಸುತ್ತಲಿನ ಕಾಡುಗಳಿಂದ ಕಡಿದುಹೋಗಿ ಬೆರಳೆಣಿಕೆಯ ಹುಲಿಗಳು ತಮ್ಮತಮ್ಮಲ್ಲೇ ಸಂಸಾರ ಮಾಡಿದ್ದರ ಫಲ. ಸೋದರಮಾವನಿಗೆ ಹೆಣ್ಣು ಕೊಡುವ ರೂಢಿಯ ನಮ್ಮ ಕಡೆ, ಮಗುವಿಗೆ ತೊಂದರೆ ಎಂದು ಹೋದಾಗ ಡಾಕ್ಟರು ಮೊದಲು ಕೇಳುವುದು ‘ಸಂಬಂಧದಲ್ಲಿ ಮದುವೆಯೋ?’ ಎಂದು. ಸಿಮಿಲಿಪಾಲಿನ ಕಪ್ಪು ಹುಲಿ ಕೇಳಿಸುವುದೂ ಅದೇ ಪ್ರಶ್ನೆಯನ್ನು. ಬಣ್ಣದಿಂದ ಹುಲಿಗೆ ಕೇಡೇನೂ ಇಲ್ಲದಿರಬಹುದು. ಕಣ್ಣಿಗೆ ಕಾಣದ ಬೇರೆ ದೋಷಗಳೂ ಇದೇ ದಾರಿಯಲ್ಲಿ ಜೋಡಿಯಾಗುತ್ತಿರುತ್ತವೆ ಅನ್ನುವುದು ಚಿಂತೆ. ಅಲ್ಲಿಯ ಸರ್ಕಾರ ಅದನ್ನು ಪ್ರವಾಸಿ ಆಕರ್ಷಣೆ ಮಾಡಲು ಹೊರಟದ್ದನ್ನು ಓದಿದಾಗ ನನಗೆ ನಗುವುದೋ ಅಳುವುದೋ ತಿಳಿಯಲಿಲ್ಲ.

ಹೊಸ ರಕ್ತ ಬರಲಿ ಎಂದು 2024ರ ಕೊನೆಯಲ್ಲಿ ಮಹಾರಾಷ್ಟ್ರದ ತಾಡೋಬಾದಿಂದ ಜಮುನಾ, ಜೀನತ್ ಎಂಬ ಎರಡು ಹೆಣ್ಣುಹುಲಿಗಳನ್ನು ಅಲ್ಲಿಗೆ ತಂದರು. ಜೀನತ್ ಕಾಡಿನಲ್ಲಿ ನಿಲ್ಲದೆ ಜಾರ್ಖಂಡ್‌ಗೆ ನಡೆದಳು, ಅಲ್ಲಿಂದ ಪಶ್ಚಿಮ ಬಂಗಾಳಕ್ಕೆ. ಡಿಸೆಂಬರ್ 29ರಂದು ಬಾಂಕುರಾದಲ್ಲಿ ಅರಿವಳಿಕೆ ಕೊಟ್ಟು ಹಿಡಿದು ವಾಪಸ್ಸು ಕರೆತರಬೇಕಾಯಿತು. ವಧುವಿನ ಒಪ್ಪಿಗೆಯನ್ನು ಯಾವ ಪ್ರಯೋಗಾಲಯವೂ ಮುಂಚಿತವಾಗಿ ಕೊಡಿಸಲಾರದು.

ಕಳೆದುಹೋದದ್ದು ಎಷ್ಟು ಅನ್ನುವ ಲೆಕ್ಕವೂ ಸಿಕ್ಕಿದೆ. ಬ್ರಿಟನ್ನಿನ ವಸ್ತುಸಂಗ್ರಹಾಲಯಗಳಲ್ಲಿರುವ, ದೊರೆಗಳೂ ಸಾಹೇಬರೂ ಹೊಡೆದ ನಮ್ಮ ಹುಲಿಗಳ ಹಳೆಯ ಚರ್ಮಗಳಿಂದ ಸಾಮ್ರಾಟ್ ಮಂಡಲ್ ತಂಡ ಡಿಎನ್‌ಎ ತೆಗೆದು 2013ರಲ್ಲಿ ವರದಿ ಮಾಡಿತು. ತಾಯಿಯಿಂದ ಮಾತ್ರ ಬರುವ ಮೈಟೊಕಾಂಡ್ರಿಯಾದ ಡಿಎನ್‌ಎಯಲ್ಲಿ ಆ ಕಾಲಕ್ಕಿದ್ದ ರೂಪಗಳ ಪೈಕಿ ಶೇಕಡಾ 93 ಇಂದಿನ ಹುಲಿಗಳಲ್ಲಿ ಇಲ್ಲ. ಇಷ್ಟಾದರೂ ಜಗತ್ತಿನ ಹುಲಿಗಳ ತಳಿವೈವಿಧ್ಯದ ಅರ್ಧಕ್ಕಿಂತ ಹೆಚ್ಚು ಭಾರತದಲ್ಲೇ ಉಳಿದಿದೆ. ಹುಲಿಯ ಸಂಖ್ಯೆ ಮತ್ತೆ ಹೆಚ್ಚಬಹುದು, ಹೆಚ್ಚಿದೆ. ಹೋದ ರೂಪಗಳು ಸಂಖ್ಯೆಯ ಜೊತೆ ವಾಪಸ್ಸು ಬರುವುದಿಲ್ಲ. ಅಮೆರಿಕದ ಕಂಪನಿಯೊಂದು 2025ರಲ್ಲಿ ಬೂದುತೋಳದ ಜೀನುಗಳನ್ನು ತಿದ್ದಿ ಸಾವಿರಾರು ವರ್ಷದ ಹಿಂದೆ ಅಳಿದ ಡೈರ್ ವುಲ್ಫ್ ತಂದಿದ್ದೇವೆ ಎಂದು ಸಾರಿತಲ್ಲ, ಹಾಗೆ ಇಲ್ಲೂ ಆಗದೇ ಎಂದು ಕಾಲೇಜು ಹುಡುಗರು ಕೇಳುತ್ತಾರೆ. ತಿದ್ದಿದ ತೋಳ ತಿದ್ದಿದ ತೋಳವೇ. ಜೀವಂತ ಬಿಳಿಮೀನಿಗೆ ಹರಿಯುವ ನೀರು ಉಳಿಸಲಾಗದ ನಮಗೆ ಆ ವಿದ್ಯೆ ಸದ್ಯಕ್ಕೆ ಬೇಡ.

ಆನೆಯ ಮಾತಿಗೆ ಬಂದೆ. 2025ರ ಅಕ್ಟೋಬರ್‌ನಲ್ಲಿ ದೇಶದ ಮೊದಲ ಡಿಎನ್‌ಎ ಆಧಾರಿತ ಆನೆಗಣತಿ ಹೊರಬಂತು. 21,056 ಲದ್ದಿ ಮಾದರಿಗಳು, ಅವುಗಳಿಂದ ಬೇರೆ ಬೇರೆಯೆಂದು ಗುರುತಾದ 4,065 ಆನೆಗಳು, ಅಲ್ಲಿಂದ ಹಾಕಿದ ಅಂದಾಜು 22,446. ಕರ್ನಾಟಕದ್ದು 6,013, ದೇಶಕ್ಕೇ ಮೊದಲು. ಪತ್ರಿಕೆಗಳು ಇಷ್ಟನ್ನು ಬರೆದು ಮುಗಿಸಿದವು. ಹಿಂದಿನ ಗಣತಿಗಿಂತ ಕಡಿಮೆಯಾಯಿತೇ ಎಂಬ ಗದ್ದಲವೂ ಎದ್ದಿತು. ವಿಧಾನವೇ ಬೇರೆಯಾದ್ದರಿಂದ ಹೋಲಿಸಬಾರದು ಎಂದು ವರದಿಯೇ ಹೇಳಿತ್ತು.

ಈ ಲದ್ದಿಯ ವಿದ್ಯೆಗೆ ಬೆಂಗಳೂರಿನಲ್ಲಿ ಹಳೆಯ ಬೇರಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಅವರ ಬಳಿ ಟಿ.ಎನ್.ಸಿ. ವಿದ್ಯಾ ಇಪ್ಪತ್ತು ವರ್ಷಕ್ಕೂ ಹಿಂದೆಯೇ ದಕ್ಷಿಣದ ಕಾಡುಗಳಲ್ಲಿ ಆನೆಲದ್ದಿಯ ಮೇಲ್ಪದರ ಸಂಗ್ರಹಿಸಿ ಡಿಎನ್‌ಎ ಓದಿದ್ದರು. ಈಗ ಅವರು ಜಕ್ಕೂರಿನ ಜವಾಹರಲಾಲ್ ನೆಹರೂ ಉನ್ನತ ವೈಜ್ಞಾನಿಕ ಸಂಶೋಧನಾ ಕೇಂದ್ರದಲ್ಲಿದ್ದಾರೆ. (ಆನೆಯ ಲದ್ದಿ ಓದುವವರೆಲ್ಲ ನಗರದ ಉತ್ತರಕ್ಕೆ, ಆನೆಗಳು ಮಾತ್ರ ನಮ್ಮ ದಕ್ಷಿಣಕ್ಕೆ.) ಅವರಿಗೆ ಕಂಡದ್ದು ಎರಡು. ಪಾಲಕ್ಕಾಡು ಕಣಿವೆಯ ಉತ್ತರದ ನೀಲಗಿರಿ ಸೀಮೆಯ ಆನೆಗಳೂ ದಕ್ಷಿಣದ ಆನೈಮಲೆಯ ಆನೆಗಳೂ ತಳಿಯಲ್ಲಿ ಬೇರೆ ಬೇರೆ. ಎರಡನೆಯದು ಇನ್ನೂ ಮುಖ್ಯ: ನಾಗರಹೊಳೆ, ಬಂಡೀಪುರ, ಬಿಳಿಗಿರಿರಂಗನ ಬೆಟ್ಟಗಳನ್ನೊಳಗೊಂಡ ನಮ್ಮ ಸೀಮೆಯ ಆನೆಗಳು ಏಷ್ಯಾದಲ್ಲೇ ಅತಿ ದೊಡ್ಡ ಗುಂಪು, ಆದರೆ ತಾಯಿಕಡೆಯ ಡಿಎನ್‌ಎಯಲ್ಲಿ ವೈವಿಧ್ಯ ತೀರಾ ಕಡಿಮೆ. ಆನೆಗಳು ಹಿಂದೆ ಉತ್ತರದಿಂದ ದಕ್ಷಿಣಕ್ಕೆ ಹಂತಹಂತವಾಗಿ ಇಳಿದಂತೆ ವೈವಿಧ್ಯ ಕರಗುತ್ತ ಬಂತು ಎಂದು 2024ರ ಇಡೀ ಜೀನೋಮಿನ ಅಧ್ಯಯನವೂ ಹೇಳಿದೆ. ಆರು ಸಾವಿರ ಎಂಬ ಸಂಖ್ಯೆ ನಮ್ಮನ್ನು ನಿಶ್ಚಿಂತೆಯಿಂದ ಮಲಗಿಸಬಾರದು ಅನ್ನುವುದು ಇದಕ್ಕೇ.

ಆನೆಯಲ್ಲಿ ಹೆಣ್ಣುಗಳು ತಾಯಿಯ ಹಿಂಡಿನಲ್ಲೇ ಉಳಿಯುತ್ತವೆ. ಒಂದು ಕಾಡಿನ ಜೀನನ್ನು ಇನ್ನೊಂದಕ್ಕೆ ಒಯ್ಯುವವನು ಹಿಂಡು ಬಿಟ್ಟು ಹೊರಟ ಗಂಡಾನೆ. ಕಾಡಂಚಿನ ರಾಗಿ, ಬಾಳೆಗೆ ಇಳಿಯುವವನೂ ಹೆಚ್ಚಾಗಿ ಅವನೇ. ಪುಂಡಾನೆ ಎಂದು ನಾವು ಹಿಡಿದು ಶಿಬಿರಕ್ಕೆ ಕಟ್ಟುವುದೂ ಅವನನ್ನೇ. ಬೆಳೆ ಕಳೆದುಕೊಂಡ ರೈತನ, ಮನೆಯವರನ್ನು ಕಳೆದುಕೊಂಡ ಕಾಫಿ ತೋಟದ ಕೂಲಿಯವರ ಮುಂದೆ ನಿಂತು ತಳಿವೈವಿಧ್ಯದ ಪಾಠ ಹೇಳುವ ಧೈರ್ಯ ನನಗಿಲ್ಲ, ಹೇಳಲೂಬಾರದು. ಆದರೆ ಅರಿವಳಿಕೆ ಕೊಟ್ಟು ಮಲಗಿಸಿದಾಗ ರಕ್ತ ತೆಗೆಯುವುದು ಕಷ್ಟವಲ್ಲ. ಅವನು ಯಾವ ಹಿಂಡಿನ ಮಗ, ಎಲ್ಲಿಂದ ಎಲ್ಲಿಗೆ ಹೊರಟಿದ್ದ ಎಂದು ಓದಿದರೆ ಹಾಸನ, ಕೊಡಗಿನಲ್ಲಿ ಹಿಡಿದ ಒಂದೊಂದು ಗಂಡಾನೆಯೂ ಯಾವ ದಾರಿ ಇನ್ನೂ ತೆರೆದಿದೆ ಎಂದು ಹೇಳೀತು.

ಇದೇ ಕೆಲಸ ಇಲ್ಲೂ ಆಗಬೇಕು. ಬನ್ನೇರುಘಟ್ಟದ ಆನೆಗಳು ಕನಕಪುರದ ಕಾಡು, ಕಾವೇರಿ ವನ್ಯಧಾಮ, ಮಲೆ ಮಹದೇಶ್ವರ ಬೆಟ್ಟಗಳ ಮೂಲಕ ಬಿಳಿಗಿರಿರಂಗನ ಬೆಟ್ಟದವರೆಗೂ ನಂಟು ಇಟ್ಟುಕೊಂಡಿರಬೇಕಾದವು. ಮೇಕೆದಾಟಿನಲ್ಲಿ ಪ್ರಸ್ತಾಪವಾಗಿರುವ 67 ಟಿಎಂಸಿ ಜಲಾಶಯ ಆ ಸರಪಣಿಯ ನಡುಭಾಗದಲ್ಲೇ ಇದೆ. ಅದಾದರೆ ಬಿಳಿಮೀನಿಗೆ ಬೇಕಾದ ಹರಿವೂ ನಿಂತ ನೀರಾಗುತ್ತದೆ. ಬೆಂಗಳೂರಿಗೆ ನೀರು ಬೇಡವೇ ಎಂದರೆ ಬೇಕು. ಬೆಲೆ ಏನೆಂದು ತಿಳಿದು ಕೇಳೋಣ ಅನ್ನುವುದಷ್ಟೇ ನನ್ನ ತಕರಾರು. ತಿಳಿಯಲು ದೊಡ್ಡ ಯಂತ್ರಗಳೇನೂ ಬೇಡ. ನದಿಯ ನೀರಿನಲ್ಲೇ ಮೀನಿನ ಲೋಳೆ, ಹುರುಪೆಗಳಿಂದ ಕಳಚಿದ ಡಿಎನ್‌ಎ ಇರುತ್ತದೆ. ಶಿವನಸಮುದ್ರದಿಂದ ಹೊಗೆನಕಲ್‌ವರೆಗೆ ಅಲ್ಲಲ್ಲಿ ನೀರು ಸೋಸಿ ಪರೀಕ್ಷಿಸಿದರೆ ಬಿಳಿಮೀನು ಇನ್ನೂ ಎಲ್ಲಿದೆ ಎಂದು ಸುಳಿವು ಸಿಗುತ್ತದೆ. ಸಿಕ್ಕ ಮೀನಿನ ರೆಕ್ಕೆಯ ಚೂರು ಓದುವಾಗ ಎಚ್ಚರ ಬೇಕು. ಮೈಟೊಕಾಂಡ್ರಿಯಾ ನೋಡಿದರೆ ತಾಯಿ ಮಾತ್ರ ಗೊತ್ತಾಗುತ್ತಾಳೆ. ನೀಲಿ ರೆಕ್ಕೆಯ ಅಪ್ಪನಿಗೆ ಹುಟ್ಟಿದ ಬೆರಕೆ ಮರಿಯೂ ಶುದ್ಧ ಬಿಳಿಮೀನೆಂದು ಪಾಸಾಗಿಬಿಡುತ್ತದೆ. ಕೋಶಕೇಂದ್ರದ ಡಿಎನ್‌ಎಯನ್ನೂ ಓದಬೇಕು, ಮಹಶೀರ್‌ಗೆ 100 ಕ್ರೋಮೊಸೋಮುಗಳಿರುವುದರಿಂದ ಆ ಓದು ತುಸು ತ್ರಾಸದ್ದು. ಈ ಪರೀಕ್ಷೆಯಾಗದ ಒಂದೇ ಒಂದು ಮಹಶೀರ್ ಮರಿಯನ್ನೂ ಇನ್ನು ಯಾರೂ ಕಾವೇರಿಗೆ ಬಿಡಬಾರದು, ಪೂಜೆ ಮಾಡಿ ಬಾಗಿನ ಕೊಟ್ಟು ಬಿಟ್ಟರೂ ಸರಿಯೇ.

ಬನ್ನೇರುಘಟ್ಟ ರಾಷ್ಟ್ರೀಯ ಉದ್ಯಾನದ ಸುತ್ತಲಿನ ಪರಿಸರ ಸೂಕ್ಷ್ಮ ವಲಯ 2016ರ ಕರಡಿನಲ್ಲಿ 268 ಚದರ ಕಿಲೋಮೀಟರ್ ಇತ್ತು. 2020ರ ಅಂತಿಮ ಅಧಿಸೂಚನೆಯಲ್ಲಿ 168 ಆಯಿತು. ಬಿಟ್ಟುಹೋದ ಆ 100 ಚದರ ಕಿಲೋಮೀಟರಿನಲ್ಲಿ ಯಾವ ಗಂಡಾನೆ ನಡೆಯುತ್ತಾನೆ, ಅವನ ಮಕ್ಕಳು ಯಾವ ಕಾಡಿನಲ್ಲಿದ್ದಾರೆ ಎಂದು ಒಂದು ಮಳೆಗಾಲ ಕಳೆದ ಮೇಲೆ ಲದ್ದಿ ಆರಿಸಿ ನೋಡಿಸಿ, ಆಮೇಲೆ ಗೆರೆ ಎಳೆಯಿರಿ ಎಂದು ಕೇಳುವ ಹಕ್ಕು ಕನಕಪುರ ರಸ್ತೆಯ ಆಚೀಚೆ ಮನೆ ಕಟ್ಟಿಕೊಂಡ ನಮಗೆಲ್ಲ ಇದೆ.